ಆ ಅಣ್ಣ ಔತಣಕ್ಕೆ ಯಾಕೆ ಹೋಗಲಿಲ್ಲ

ಭಾನುವಾರ ನಮ್ಮ ಮಗ್ಗಗಳಿಗೆ ರಜೆ. ಮಧ್ಯಾಹ್ನ ಊಟ ಮುಗಿಸಿ ನಾನೂ ಮನೆಯವರೂ ಟೀವಿ ಮುಂದೆ ಕೂರುತ್ತೇವೆ. ಈಗ ಕೆಲವು ತಿಂಗಳಿಂದ ನಾವು ಹಿಡಿದುಕೊಂಡಿರುವುದು ವೈಕಿಂಗರ ಸೀರಿಯಲ್ಲು. ಹಿಮದ ಸೀಮೆ, ಜಡೆ ಹೆಣೆದುಕೊಂಡ ಗಂಡಸರು, ಹಡಗು. ಎಲ್ಲರೂ ತಮಿಳಿನಲ್ಲೇ ಮಾತಾಡುತ್ತಾರೆ, ಡಬ್ಬಿಂಗು. ಮೊದಲ ವಾರ ಆ ರಕ್ತ ನೋಡಲಾಗದೆ ಎದ್ದುಹೋಗಿದ್ದೆ. ಆಮೇಲೆ, ಸಮುದ್ರಕ್ಕಿಳಿಯುವ ಮುಂಚೆ ಅವರೂ ತಮ್ಮ ದೇವರ ಮುಂದೆ ಕಣ್ಣು ಮುಚ್ಚಿ ನಿಲ್ಲುವುದನ್ನು ಕಂಡು, ಇವರಿಗೂ ಕೇಳುವವನೊಬ್ಬ ಇದ್ದಾನಲ್ಲ ಎಂದು ಸಮಾಧಾನವಾಗಿ ಕೂತೆ.

ಕತೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಹೊಲ ನೋಡಿಕೊಂಡು ಊರಲ್ಲೇ ಇರುವವನು. ತಮ್ಮ ಹಡಗು ಹತ್ತಿ ಹೋಗಿ, ಯಾವುದೋ ದೇಶ ಲೂಟಿ ಮಾಡಿ, ಬೆಳ್ಳಿ ತುಂಬಿಕೊಂಡು ಬಂದು ಊರಿಗೆಲ್ಲ ಔತಣ ಹಾಕುತ್ತಾನೆ. ಅಣ್ಣನೊಬ್ಬ ಹೋಗುವುದಿಲ್ಲ. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು ಓರಗಿತ್ತಿಯ ಮನೆಯ ಹೊಗೆ ನೋಡುತ್ತಾಳೆ. ಕ್ಯಾಮೆರಾ ಅವಳ ಹತ್ತಿರ ನಿಲ್ಲಲಿಲ್ಲ, ಕತ್ತಿಗಳ ಕಡೆ ಓಡಿತು. ನಾನು ಅವಳ ಜೊತೆಯೇ ಉಳಿದುಬಿಟ್ಟೆ.

ನನಗೂ ಒಬ್ಬ ಓರಗಿತ್ತಿ ಇದ್ದಾಳೆ. ಮದುವೆಯಾಗಿ ಈ ತಮಿಳು ಸೀಮೆಯ ಅವಿನಾಶಿ ಊರ ಪಕ್ಕದ ಈ ಮನೆಗೆ ಬಂದ ದಿನದಿಂದ ನನ್ನ ಬೆನ್ನಿಗೇ ಇದ್ದವಳು. ಒಬ್ಬಳು ಸಾರಿಗೆ ಹುಣಿಸೆ ಜಾಸ್ತಿ ಹಾಕಿದರೆ ಇನ್ನೊಬ್ಬಳು ಗಂಡಸರಿಗೆ ತಿಳಿಯುವ ಮುಂಚೆ ಬೆಲ್ಲ ಹಾಕುತ್ತಿದ್ದಳು. ಮೈದುನ ತನ್ನ ಪಾಲಿನ ಮಗ್ಗ ತೆಗೆದುಕೊಂಡು ಕರುಮತ್ತಂಪಟ್ಟಿಗೆ ಹೋದ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು, ನಮ್ಮಿಬ್ಬರ ದಾರಿಯೂ ಮುಚ್ಚಿತು. ಫೋನು ಇದೆ, ನಿಜ. ‘ಚೆನ್ನಾಗಿದೀಯಾ’ ಅಂದ ಮೇಲೆ ಫೋನಿನಲ್ಲಿ ಏನು ಹೇಳುವುದು? ಅವಳ ಕೈಯೂ ನನ್ನ ಕೈಯೂ ಒಂದೇ ಕೆಲಸದಲ್ಲಿರಬೇಕು, ಆಗ ತಾನೇ ಮಾತು ಹುಟ್ಟುವುದು.

ಅವರು ಹೊಸ ಮನೆ ಕಟ್ಟಿದರು. ಹಾಲು ಕಾಯಿಸುವುದಕ್ಕೆ ಕರೆಯಲು ಗಂಡಹೆಂಡಿರು ಬಂದಾಗ ಮನೆಯವರು ನೂಲು ತರಲು ಹೋಗಿದ್ದರು. ತಟ್ಟೆಯಲ್ಲಿ ವೀಳ್ಯ, ಕುಂಕುಮ ಇಟ್ಟು ನನ್ನನ್ನೇ ಕರೆದು ಹೋದರು. ಅತ್ತೆಮಾವ ಇಲ್ಲದ ಮೇಲೆ ಹೊಸ ಒಲೆಗೆ ಹಾಲಿಡಿಸಬೇಕಾದ ಹಿರಿಯರು ನಮ್ಮ ಮನೆಯವರೇ. ಇವರು ಬಂದು ತಟ್ಟೆ ನೋಡಿ, “ನಾನಿಲ್ಲದ ಹೊತ್ತು ನೋಡಿ ಬಂದಿದಾನೆ” ಅಂದರು, ಅಷ್ಟೆ.

ಔತಣದ ಭಾಗ ಬಂದದ್ದು ಅದರ ಮುಂದಿನ ಭಾನುವಾರ.

“ಆ ಅಣ್ಣನಿಗೆ ಹೊಟ್ಟೆಕಿಚ್ಚು, ಬೇರೇನಿಲ್ಲ” ಅಂದೆ.

“ಹೊಟ್ಟೆಕಿಚ್ಚಾ? ಸರಿಯಾ ನೋಡೇ. ತಮ್ಮ ಹಡಗು ಕಟ್ಟೋದು ಕಮ್ಮಾರನಿಗೆ ಗೊತ್ತು, ಮೀನು ಹಿಡಿಯೋನಿಗೆ ಗೊತ್ತು. ಕೂಡ ಹುಟ್ಟಿದವನಿಗೆ ಮಾತ್ರ ಇನ್ಯಾರೋ ಬಂದು ಹೇಳ್ಬೇಕು.”

“ಹೇಳಿದ್ರೆ ಬೇಡ ಅಂತಾನೆ ಅಂತ ಭಯ ಇರಬಹುದು.”

“ಬೇಡ ಅಂತಿದ್ದ. ಆಮೇಲೆ ಅವನೇ ಹೋಗಿ ಹಡಗು ತಳ್ಳಿ ಕೊಡ್ತಿದ್ದ” ಎಂದು ಟೀವಿಯ ಸದ್ದು ಏರಿಸಿದರು.

ನನಗೆ ಆಗ ಹೊಳೆಯಿತು. ಮೈದುನ ಬೇರೆ ಹೋಗುವ ಸುದ್ದಿ ಇವರಿಗೆ ಸಿಕ್ಕಿದ್ದು ನೂಲು ಕೊಡುವ ಮುದಲಾಳಿಯ ಬಾಯಿಂದ, ಅದೂ ನಾಲ್ಕು ಜನರ ಮುಂದೆ. ಇಷ್ಟು ದಿನ ನಾನು ಒಳ್ಳೆಯ ಮಗ್ಗಗಳು ಹೋದವು ಅಂತ ಇವರಿಗೆ ಸಿಟ್ಟು ಅಂದುಕೊಂಡಿದ್ದೆ.

ಹಾಲು ಕಾಯಿಸುವ ದಿನ ಇವರು ಬೆಳಗಾಗುತ್ತಲೇ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡಾಗ ಇವರೂ ಬರುತ್ತಾರೆ ಅಂದುಕೊಂಡೆ. “ನೀ ಹೋಗಿ ಬಾ. ನನಗೆ ಮಗ್ಗಕ್ಕೆ ನೂಲಿನ ಬೀಮ್ ಏರಿಸೋದಿದೆ” ಎಂದು ಶೆಡ್ಡಿಗೆ ನಡೆದರು. ಹೋಗು ಅಂದರಲ್ಲ, ಅದೇ ದೊಡ್ಡದು ಎಂದು ಬಸ್ಸು ಹತ್ತಿದೆ.

ಓರಗಿತ್ತಿ ಗೇಟಿನವರೆಗೆ ಓಡಿಬಂದು ನನ್ನ ಹೆಗಲ ಮೇಲಿಂದ ಬೀದಿ ನೋಡಿದಳು.

“ಬಾವ ಗಾಡಿ ನಿಲ್ಲಿಸ್ತಾ ಇದಾರಾ ಅಕ್ಕ?”

“ಇಲ್ಲ ಕಣ್ಣು, ನಾನೊಬ್ಳೇ.”

ಅವಳ ಮುಖ ಬಾಡಿತು. ಆದರೂ ಗೇಲಿ ಬಿಡಲಿಲ್ಲ. “ಎಷ್ಟು ಸೊರಗಿದೀರ! ಈಗ ನಿಮ್ಮ ಅಡುಗೆ ನೀವೇ ತಿನ್ಬೇಕಲ್ಲ, ಪಾಪ.”

ನಾನು ಮೈದುನನನ್ನು ಹಿತ್ತಲಿಗೆ ಕರೆದು, ಆ ಭಾನುವಾರ ಇವರು ಸೀರಿಯಲ್ಲಿನ ಅಣ್ಣನ ಪರವಾಗಿ ಆಡಿದ ಮಾತನ್ನು ಹಾಗೇ ಹೇಳಿದೆ. ಅವನು ನೀರಿನ ತೊಟ್ಟಿ ನೋಡುತ್ತ ನಿಂತಿದ್ದ.

“ನಾನೂ ನೋಡ್ತೀನಿ ಅತ್ತಿಗೆ, ಆ ಸೀರಿಯಲ್ಲು. ಆ ತಮ್ಮ ಮೊದ್ಲು ಅಣ್ಣನ ಹತ್ರಾನೇ ಹೋಗಿದ್ದ. ಬಾಗಿಲವರೆಗೂ ಹೋದ. ಅಣ್ಣ ಉಣ್ತಾ ಕೂತಿದ್ದ. ಬಾಯಿ ಬರಲಿಲ್ಲ, ತಿರುಗಿ ಬಂದ.”

ಅಂಥ ಭಾಗ ಆ ಸೀರಿಯಲ್ಲಿನಲ್ಲಿ ಇಲ್ಲ. ನಾನು ಮೊದಲ ವಾರ ಬಿಟ್ಟರೆ ಒಂದು ವಾರವೂ ತಪ್ಪಿಸಿಲ್ಲ, ಮೊದಲ ವಾರದ್ದನ್ನೂ ಮನೆಯವರು ಬಿಡಿಸಿ ಬಿಡಿಸಿ ಹೇಳಿದ್ದರು.

“ಅದನ್ನ ನನ್ನ ಹತ್ರ ಹೇಳಿ ಏನಪ್ಪಾ ಬಂತು?” ಅಂದೆ.

ಅವನು ಹಾಗೇ ಗಾಡಿ ತೆಗೆದುಕೊಂಡು ಅಣ್ಣನ ಹತ್ತಿರ ಹೊರಟ. ಹೊಸ ಅಂಗಿ, ಹಣೆಗೆ ಚಂದನ. ಪೂಜೆಗೆ ಬಂದಿದ್ದ ಅಯ್ಯರು ಗಡಿಯಾರ ನೋಡಿ “ನೇರಂ ಪೋಗುದಮ್ಮಾ” ಎಂದು ಗೊಣಗಿದರು. “ಹೊತ್ತು ಹೋದ್ರೆ ಹೋಗ್ಲಿ ಸ್ವಾಮಿ” ಅಂದಳು ನನ್ನ ಓರಗಿತ್ತಿ. ಅಷ್ಟೊಂದು ನೇಮದವಳು, ಒಳ್ಳೆಯ ಹೊತ್ತನ್ನು ಹಾಗೆ ಬಿಟ್ಟುಕೊಟ್ಟಳು. ಹೊತ್ತಿಸದ ಒಲೆಯ ಪಕ್ಕ ನಾವಿಬ್ಬರೂ ಕೂತೆವು. ಸುಮ್ಮನೆ ಕೂರಲಾಗದೆ ಬೀನ್ಸ್ ನಾರು ತೆಗೆದೆವು. ಮಾತು ತಾನಾಗಿ ಬಂತು. ದೇವರೇ, ಇವನು ನಿಧಾನವಾಗಿ ಬರಲಿ ಎಂದುಕೊಂಡೆ.

ಮೈದುನ ಒಬ್ಬನೇ ಬಂದ.

“ಬರಲ್ಲ ಅಂದ. ಶೆಡ್ಡಲ್ಲಿ ನಿಂತು ಎಲ್ಲಾ ಹೇಳಿದೆ. ಕೇಳ್ದ. ನನ್ನ ಅಂಗಿ ಮೇಲೆ ಹತ್ತಿ ಬಿದ್ದಿತ್ತು, ಅಣ್ಣ ಕೈಯಲ್ಲೇ ತಟ್ಟಿದ. ‘ಹೊತ್ತಾಯ್ತು, ಹೋಗಿ ಹಾಲಿಡು’ ಅಂದ.”

“ತಟ್ಟಿದ್ರಾ?” ಎಂದು ಅವನ ಹೆಂಡತಿ ಎರಡು ಸಲ ಕೇಳಿದಳು.

ಹಾಲಿಟ್ಟೆವು, ಉಕ್ಕಿತು. ಮನೆಯವರು ಇನ್ನೂ ಆ ಮನೆಗೆ ಹೋಗಿಲ್ಲ. ನಾನು ಹೋಗುತ್ತೇನೆ, ಕೇಳಿದರೆ ಬೇಡ ಅನ್ನುವುದಿಲ್ಲ. ಬಸ್ಸಿಗೆ ಹತ್ತಿಸುವಾಗ ಅವಳು ಪ್ರತಿ ಸಲವೂ, “ಬರೋ ಸಲ ಬಾವನ್ನೂ ಕರ್ಕೊಂಡು ಬನ್ನಿ ಅಕ್ಕ” ಅನ್ನುತ್ತಾಳೆ. ನಾನು ಆಗಲಿ ಅನ್ನುತ್ತೇನೆ.