ಮಲ್ಲಣ್ಣನ ಫೋಟೋಕ್ಕೆ ಹಾರ

ಗೆಳೆಯರೇ, ಇವತ್ತು ಮಧ್ಯಾಹ್ನ ಕೋಥರೂಡದಲ್ಲಿ ನಮ್ಮ ಮಲ್ಲಣ್ಣನ ಏಕವ್ಯಕ್ತಿ ನಾಟಕವಿತ್ತು. ಭೋಸರಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಇಪ್ಪತ್ತು ವರ್ಷದಿಂದ ಲೇಥ್ ಮಷೀನಿನ ಮುಂದೆ ನಿಲ್ಲುವವನ ಮೊದಲ ಪ್ರಯೋಗ. ಹೆಸರಿಗಾಗಿ ಹಂಬಲಿಸಿ ಸಾಯುವ ನಟನೊಬ್ಬನ ಕತೆ. ಕೊನೆಯ ದೃಶ್ಯಕ್ಕೆಂದು ಮಲ್ಲಣ್ಣನದೇ ಫೋಟೋಕ್ಕೆ ಗಂಧದ ಹಾರ ಹಾಕಿ, ಸಭಾಂಗಣದ ಬಾಗಿಲಲ್ಲಿದ್ದ ಮೇಜಿನ ಮೇಲಿಟ್ಟು ನಾನು ಚಹಾ ಕುಡಿಯಲು ಹೋದೆ. ತಪ್ಪು ನನ್ನದೇ.

ಬರುವಷ್ಟರಲ್ಲಿ ಯಾರೋ ಅದರ ಮುಂದೆ ಊದಿನಕಡ್ಡಿ ಹಚ್ಚಿದ್ದರು. ಬಂದವರೆಲ್ಲ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. "ಭಾಳ ದೊಡ್ಡ ಕಲಾವಿದರಿದ್ರು ರೀ" ಎಂದು ಹಿರಿಯರೊಬ್ಬರು ನನ್ನ ಭುಜ ತಟ್ಟಿದರು.

ಫೋಟೋ ಎತ್ತಲು ಹೋದರೆ ಹಿಂದಿನಿಂದ ತಣ್ಣನೆಯ ಕೈಯೊಂದು ನನ್ನನ್ನು ತಡೆಯಿತು. ಮುದುಕನ ವೇಷದಲ್ಲಿದ್ದ ಮಲ್ಲಣ್ಣ. ಯಾರಿಗೂ ಅವನ ಗುರುತು ಸಿಕ್ಕಿರಲಿಲ್ಲ.

"ಇರ್ಲಿ ಬಿಡೋ. ಜೀವಂತ ಇದ್ದಾಗ ಯಾರೂ ನನಗ ಹಿಂಗ ಅಂದಿಲ್ಲ."

ಅಷ್ಟರಲ್ಲಿ ಮುಖ್ಯ ಅತಿಥಿಗಳು ತಾವಾಗಿಯೇ ವೇದಿಕೆ ಹತ್ತಿ, ಎರಡು ನಿಮಿಷ ಮೌನ ಆಚರಿಸೋಣ ಎಂದರು. ಜನ ಎದ್ದು ನಿಂತರು. ಕೊನೆಯ ಸಾಲಿನಲ್ಲಿ ಮಲ್ಲಣ್ಣನೂ ನಿಂತ, ತಲೆ ತಗ್ಗಿಸಿ, ಕಣ್ಣು ಮುಚ್ಚಿ. ಎಲ್ಲರೂ ಕೂತ ಮೇಲೂ ಅವನು ಕಣ್ಣು ತೆರೆಯಲಿಲ್ಲ.

"ಅಣ್ಣಾ, ಮೂರನೇ ಗಂಟಿ ಆತು, ರಂಗಕ್ಕ ನಡಿ" ಎಂದೆ.

"ಯಾರಿಗ?" ಎಂದ.

ನಾಟಕವೇನೋ ಆಯಿತು. ಫೋಟೋವನ್ನು ಮಲ್ಲಣ್ಣ ಹಾರದ ಸಮೇತ ಮನೆಗೆ ಒಯ್ದ. ಈಗಷ್ಟೇ ಅತ್ತಿಗೆಯ ಫೋನು ಬಂತು: "ಫೋಟೋ ಗ್ವಾಡಿಗೆ ಹಾಕಿ ಅದರ ಮುಂದ ಕುಂತಾರ. ಊಟಕ್ಕ ಕರದ್ರ, ಅಂವ ಇಲ್ಲ ಅಂತ ಹೇಳು ಅಂತಾರ."

ನಾಳೆ ಬೆಳಗಿನ ಪಾಳಿಯಲ್ಲಿ ಹಾಜರಿಗೆ ಅವನ ಹೆಸರು ಕೂಗಿದಾಗ ನಾನು ಏನೆನ್ನಬೇಕು, ನೀವೇ ಹೇಳಿ.