ಕುಜನ ಮನೆಯ ಕಲ್ಲು

“ಕಲ್ಲನ್ನ ಬಾವಿಗೆ ಹಾಕ್ಬಿಟ್ವಿ ಮೇಡಂ,” ಎಂದರು ಆ ತಾಯಿ. ಕಲ್ಲು ಒಯ್ಯಲೆಂದು ಜಂಗಮಕೋಟೆಗೆ ಬಂದಿದ್ದ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಹಿಂದಿನ ಭಾನುವಾರ ಅವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿದ ಆ ಕಲ್ಲನ್ನು ತೋರಿಸಿದ್ದಳು. ಸುಟ್ಟಂಥ ಕಪ್ಪು ಸಿಪ್ಪೆ, ಗಾತ್ರಕ್ಕೆ ಮೀರಿದ ಭಾರ. ವಿಜ್ಞಾನ ಪಾಠ ಮಾಡುವವಳ ಹುಮ್ಮಸ್ಸಿನಲ್ಲಿ ನಾನು ತಾಯಿಯ ಎದುರಿಗೇ ಹೇಳಿಬಿಟ್ಟಿದ್ದೆ: “ಇದು ಆಕಾಶದಿಂದ ಬಿದ್ದಿರಬಹುದು. ಅಪರೂಪಕ್ಕೆ ಮಂಗಳ ಗ್ರಹದಿಂದಲೂ ಇಂಥವು ಬಂದಿವೆ. ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸೋಣ.”

ಕುಜದೋಷವೆಂದು ಹುಡುಗಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದು ನನಗೆ ಗೊತ್ತಿರಲಿಲ್ಲ. ಮಂಗಳನೇ ಕುಜ ಎಂಬುದು ಆ ಹೊತ್ತಿಗೆ ಹೊಳೆಯಲೂ ಇಲ್ಲ.

“ಜಾತಕದಲ್ಲಿರೋ ಕುಜ ಸಾಲ್ದು ಅಂತ ಮನೆಗೇ ತಂದಿಟ್ಕೊಂಡವ್ಳೆ ಅಂತ ಊರೆಲ್ಲಾ ಆಡ್ಕೊಂಡ್ರು. ಮೂರನೇ ಸಂಬಂಧದವರು ಎಸ್‌ಟಿಡಿ ಬೂತ್‌ಗೆ ಫೋನ್ ಮಾಡಿ ಬೇಡ ಅಂದ್ರು. ನೀವೇ ಹೇಳಿದ್ರಲ್ಲಮ್ಮ, ಅಲ್ಲಿಂದ ಬಂದಿದ್ದು ಅಂತ.”

ಬರೀ ಕಲ್ಲು, ಅದಕ್ಕೂ ಮದುವೆಗೂ ಸಂಬಂಧವಿಲ್ಲ ಎಂದೆ. ಒಳಗೆ ರೇಷ್ಮೆ ಹುಳುವಿಗೆ ಸೊಪ್ಪು ಹರಡುತ್ತಿದ್ದ ಹುಡುಗಿ ತಲೆ ಎತ್ತಲೂ ಇಲ್ಲ.

ಅದು ಮಂಗಳದ್ದೋ, ಇಲ್ಲೇ ಸ್ಕಂದಗಿರಿ ಬೆಟ್ಟದ್ದೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಈಗ ಗ್ರಹಗಳ ಪಾಠ ಬಂದಾಗ ಮಂಗಳದ ಹೆಸರಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಹೆಣ್ಣುಮಕ್ಕಳು ಕೂತ ಸಾಲಿನತ್ತ ನೋಡುವುದಿಲ್ಲ.