ಲೆಕ್ಕ ಬಾರದ ಗಣಿತ ಟೀಚರು

ಜಡಿಮಳೆಯ ಆಟಿ ತಿಂಗಳ ಆ ಮಧ್ಯಾಹ್ನ ಜೆಪ್ಪುವಿನಲ್ಲಿ ಪಕ್ಕದ ಮನೆಯ ಜಗಲಿಯಲ್ಲಿ ನಾವು ಮೂವರಿದ್ದೆವು: ಆ ಮನೆಯ ಟೀಚರು, ಅವರು ಅನಾಥಾಶ್ರಮದಿಂದ ಸಾಕಲೆಂದು ಕರೆತಂದಿದ್ದ ಪುಟ್ಟ ಹುಡುಗಿ, ಚಹಾದ ನೆಪದಲ್ಲಿ ಹೋಗಿದ್ದ ನಾನು. ಬಂದು ತಿಂಗಳಾದರೂ ಹುಡುಗಿ ತುಟಿ ಬಿಚ್ಚಿರಲಿಲ್ಲ. ಹೊಂದಿಕೊಳ್ಳದಿದ್ದರೆ ಅವಳನ್ನು ಮತ್ತೆ ಆಶ್ರಮಕ್ಕೇ ಕಳಿಸುವ ಮಾತು ನಡೆದಿತ್ತು.

ಟೀಚರು ಚೆನ್ನೆಮಣೆಯ, ಅಂದರೆ ಅಳಗುಳಿಮಣೆಯ, ಕುಳಿಗೊಂದರಂತೆ ಕೆಂಪು ಬೀಜ ಹಾಕುತ್ತ ಹೋದವರು ನಡುವೆ ಒಂದು ಕುಳಿಯನ್ನು ಬಿಟ್ಟೇಬಿಟ್ಟರು. ಶಾಲೆಯಲ್ಲಿ ಗಣಿತ ಕಲಿಸುವ ಹೆಂಗಸು!

"ಎಂತ ಟೀಚರೇ, ಕಣ್ಣು ಕಾಣುವುದಿಲ್ವಾ?" ಎಂದೆ.

"ನನಗೆ ಲೆಕ್ಕ ಬರುವುದಿಲ್ಲ ಮಾರಾಯ್ರೆ."

ದಿನವೂ ಅದೇ ತಪ್ಪು, ಅದೇ ಮಾತು. ತಪ್ಪನ್ನು ಅಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಅಂದು ಪುಟ್ಟ ಕೈಯೊಂದು ಅವರ ಮಣಿಕಟ್ಟು ಹಿಡಿಯಿತು. "ಇಲ್ಲಿ ಹಾಕ್ಲಿಕ್ಕೆ ಉಂಟು. ನಿಮ್ಗೆ ಎಂತದೂ ಗೊತ್ತಿಲ್ಲ."

ಈ ಮನೆಯಲ್ಲಿ ಅವಳಾಡಿದ ಮೊದಲ ಮಾತು ಅದು. ಟೀಚರು ಮಾತ್ರ ಏನೂ ಆಗದವರಂತೆ, "ಹೌದಾ? ಹಾಗಾದ್ರೆ ನೀನೇ ಕಲಿಸು," ಎಂದು ಮಣೆಯನ್ನು ಅವಳತ್ತ ಸರಿಸಿದರು.

ಆಟಿ ಮುಗಿಯುವ ಮೊದಲು ಟೀಚರ ಮಗಳು ಸುರತ್ಕಲ್ ಹಾಸ್ಟೆಲಿನಿಂದ ಬಂದವಳು ಮಣೆಯ ಮುಂದೆ ಕೂತು, "ಬಾ, ಆಡುವಾ," ಎಂದಳು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ದೊಡ್ಡವಳಿಗೆ ಅದು ಹೊಳೆಯಲೇ ಇಲ್ಲ. ಚಿಕ್ಕವಳು ಅವಳನ್ನೇ ದಿಟ್ಟಿಸಿದಳು.

"ಅಕ್ಕ ತಂಗಿ ಆಡ್ಲಿಕ್ಕೆ ಇಲ್ಲ," ಎಂದು ಬೀಜವನ್ನೆಲ್ಲ ಬಾಚಿ ನನ್ನ ಕೈಗೆ ಸುರಿದಳು. "ಮಾಮ, ನೀವು ಕೂತ್ಕೊಳ್ಳಿ."

ದೊಡ್ಡವಳು ಎದ್ದು ನನಗೆ ಜಾಗ ಬಿಟ್ಟಳು.